ಖಾಲಿ ಕರಡಿಗೆ

ನವೆಂಬರ್ 4

ನನ್ನ ಕರಡಿಗೆ ಖಾಲಿ ಇದೆ. ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ. ಕೊರಳಲ್ಲಿ ಶಿವದಾರ ಇದೆ, ದಾರದ ತುದಿಗೆ ಬೆಳ್ಳಿಯ ಡಬ್ಬಿ ಇದೆ, ಡಬ್ಬಿಯೊಳಗೆ ಏನೂ ಇಲ್ಲ. ಅಲ್ಲಿರಬೇಕಾದ ಲಿಂಗ ಅವ್ವನ ಹೊಲಿಗೆ ಡಬ್ಬಿಯಲ್ಲಿ ಗುಂಡಿ, ಹುಕ್ಕುಗಳ ನಡುವೆ ಬಿದ್ದಿದೆ.

ಒಂದು ಬೆಳಿಗ್ಗೆ ಬಚ್ಚಲ ಗೂಡಿನಲ್ಲಿ ಕರಡಿಗೆ ಮರೆತು ಅಸ್ಸಿ ಘಾಟಿಗೆ ಹೋಗಿ ಕಚೋರಿ ತಿಂದು ಬಂದೆ. ಲಿಂಗಕ್ಕೆ ತೋರಿಸದೆ ತಿಂದದ್ದು ವಿಷ ಎಂದು ಹುಟ್ಟಿದಾಗಿನಿಂದ ಕೇಳಿದ್ದೆ. ಸಂಜೆಯವರೆಗೆ ಕಾದೆ. ಹೊಟ್ಟೆ ಕೂಡ ನೋಯಲಿಲ್ಲ. ಆಮೇಲೆ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದೆ. ಅದು ನನ್ನನ್ನು ನೋಡುತ್ತಿದೆ ಎಂದು ನನಗೆ ಎಂದೂ ಅನಿಸಿರಲಿಲ್ಲ. ಅನಿಸಿದಂತೆ ನಟಿಸುತ್ತಿದ್ದೆ, ಅಷ್ಟೇ. ನಟಿಸುವುದನ್ನು ನಿಲ್ಲಿಸಿದೆ. ಡಬ್ಬಿಯನ್ನು ಮಾತ್ರ ಕೊರಳಿಂದ ಬಿಚ್ಚಲಿಲ್ಲ. ಅಪ್ಪನಿಗೆ ಕಾಶಿಯ ಈ ಮಠದಲ್ಲಿ ಕೆಲಸ, ನಮಗೆ ಮಠದ ಹಿಂದಿನ ಎರಡು ಕೋಣೆ. ಕೊರಳು ಬರಿದಾಗಿ ಕಂಡರೆ ಎರಡೂ ಹೋಗುತ್ತವೆ.

ಇವತ್ತು ಬರೆಯಲು ಕಾರಣ ಕೊಟ್ಟೂರಯ್ಯ ಅಜ್ಜಾರು. ಅವರು ಮಠದ ಹಿರಿಯರು, ನನಗೆ ದೀಕ್ಷೆ ಕೊಟ್ಟವರು. ಬೆಳಿಗ್ಗೆ ಯಾತ್ರಿಕರಿಗೆ ಪ್ರವಚನ ಮಾಡುತ್ತ ಹೇಳಿದರು: "ದೇವರ ಅಂಜಿಕಿ ಇಲ್ಲದವಗ ಸುಳ್ಳು ಹೇಳಬ್ಯಾಡ ಅಂತ ಹೇಳೋರು ಯಾರು? ಅವ ಯಾಕ ಹೇಳಬಾರದು?" ಎಲ್ಲರೂ ತಲೆದೂಗಿದರು. ಚಾಪೆ ಸುತ್ತುತ್ತಿದ್ದ ನನಗೆ ಮೈ ಉರಿಯಿತು.

ನನ್ನನ್ನು ಶಾಲೆ ಬಿಡಿಸಿದ್ದು ಸುಳ್ಳಲ್ಲ, ಸತ್ಯ. ಬೋರ್ಡ್ ಪರೀಕ್ಷೆಯಲ್ಲಿ ಮಾಸ್ತರರು ಬಾಗಿಲು ಹಾಕಿ ಉತ್ತರ ಹೇಳಿಕೊಟ್ಟರು. ಎಲ್ಲರೂ ಬರೆದರು. ನಾನು ಉತ್ತರಪತ್ರಿಕೆಯ ಮೇಲೆ 'ಇವು ಹೇಳಿಕೊಟ್ಟ ಉತ್ತರಗಳು' ಎಂದು ಬರೆದೆ. ಕ್ಷಮೆ ಕೇಳಿದರೆ ಸೇರಿಸಿಕೊಳ್ಳುತ್ತೇವೆ ಎಂದರು. ಏನೆಂದು ಕೇಳಲಿ? ಆ ಮಾಸ್ತರರ ಮೇಜಿನ ಮೇಲೆ ಸರಸ್ವತಿಯ ಪಟವಿತ್ತು, ದಿನಾ ಹೂ ಏರಿಸುತ್ತಿದ್ದರು. ಅವರಿಗೆ ಅಂಜಿಕೆ ಇರಲಿಲ್ಲವೇ? ಈಗ ಮಠದಲ್ಲಿ ಎಲ್ಲರ ಬಾಯಲ್ಲೂ ಒಂದೇ ಗೇಲಿ: ಹೆಸರು ಅಕ್ಷರಾ, ಓದು ಅರ್ಧಕ್ಕೆ.

ಇಷ್ಟು ಬರೆದ ಮೇಲೆ ಡಬ್ಬಿಯ ವಿಷಯ ನನಗೇ ಚುಚ್ಚುತ್ತದೆ. ಸುಳ್ಳು ಹೇಳದವಳು ಎಂದು ಹೆಸರು ಹೊತ್ತವಳ ಕೊರಳಲ್ಲೇ ಸುಳ್ಳು ಜೋತಾಡುತ್ತಿದೆ. ಅದಕ್ಕೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಿಲ್ಲ.

ನವೆಂಬರ್ 7

ಗಜೇಂದ್ರಗಡದ ಕಡೆಯಿಂದ ಒಂದು ಬಸ್ಸು ಯಾತ್ರಿಕರು ಬಂದಿದ್ದಾರೆ. ಬಿಸಿನೀರು, ಗಾದಿ, ಸಂಡಾಸು ಎಲ್ಲಿ ಎಂದು ಕೇಳಿ ಕೇಳಿ ಪ್ರಾಣ ತಿಂದರು. ಅಪ್ಪ ಕೋಣೆ ಹಂಚುತ್ತಾನೆ, ಊರು ಸುತ್ತಿಸುವುದು ನನ್ನ ಪಾಲು.

ಇವರಲ್ಲಿ ಒಬ್ಬ ಮುದುಕಿ ನನಗೆ ಅಂಟಿಕೊಂಡಿದ್ದಾಳೆ. ತಾರಾದೇವಿ ಎಂದು ಹೆಸರು. ಮಗ ತೋಂಟೇಶ ಜೊತೆಯಲ್ಲಿದ್ದಾನೆ, ಬ್ಯಾಂಕಿನಲ್ಲಿ ಕೆಲಸ, ಕೈಯಲ್ಲಿ ಯಾವಾಗಲೂ ಫೋನು. ವಿಶ್ವನಾಥ ಗಲ್ಲಿಯಲ್ಲಿ ಮುದುಕಿ ಒಂದು ರುದ್ರಾಕ್ಷಿ ಸರ ಹಿಡಿದು, "ತಂಗಿ, ಇದು ಖರೇನೋ ಹೆಂಗ?" ಎಂದು ಕೇಳಿದಳು. ಪ್ಲಾಸ್ಟಿಕ್ ಎಂದೆ. ಅಂಗಡಿಯವನು ನನ್ನ ವಂಶವನ್ನೆಲ್ಲ ಬೈದ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಹಿಂಗ ಹೇಳಿದ್ರ ನಿನ್ನ ಯಾರು ಲಗ್ನಾಗ್ತಾರ?"

"ಬ್ಯಾಡ ಬಿಡ್ರಿ."

"ನನ್ನ ಮಗಗ ಹೇಳ್ತಿದ್ನಿ, ಅವನ್ನ ಯಾವಕಿನೋ ಆಗಲೇ ಕಟ್ಟಿಕೊಂಡಾಳ."

ತೋಂಟೇಶ ಫೋನಿನಿಂದ ತಲೆ ಎತ್ತಲಿಲ್ಲ.

ನವೆಂಬರ್ 9

ಮುದುಕಿಯ ಲಿಂಗ ಗಂಗೆಯ ಪಾಲಾಯಿತು.

ದಶಾಶ್ವಮೇಧ ಘಾಟಿನಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಳು. ನಾನು ಮೆಟ್ಟಿಲ ಮೇಲೆ ಅವಳ ಒಣ ಸೀರೆ ಹಿಡಿದುಕೊಂಡಿದ್ದೆ. ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಬೇಡ ಎಂದೆ, ಕಾಲು ಜಾರುತ್ತದೆ ಎಂದೆ. "ನಾ ಅಷ್ಟ ಮುಳುಗಿ ಬಂದ್ರ ಅದು ಸಿಟ್ಟಾಗಂಗಿಲ್ಲೇನು? ಅದಕ್ಕೂ ಗಂಗಿ ತೋರಸ್ತೀನಿ" ಎಂದಳು. ಮೋಟಾರು ದೋಣಿಯೊಂದು ಹತ್ತಿರದಿಂದಲೇ ಹಾದುಹೋಯಿತು. ಅದರ ಅಲೆ ಬಂದು ಹೊಡೆಯಿತು. ಮುದುಕಿ ಬೀಳಲಿಲ್ಲ. ಕೈ ಮಾತ್ರ ಬರಿದಾಗಿತ್ತು.

ಕಿರುಚಲಿಲ್ಲ, ಅಳಲಿಲ್ಲ. ನೀರಿನಲ್ಲಿ ಹಾಗೇ ನಿಂತು ಅಂಗೈ ನೋಡುತ್ತಿದ್ದಳು. ಎಳೆದು ತರಬೇಕಾಯಿತು.

ದೋಣಿಯ ಲಲ್ಲನ್ ಕಾಕಾ ಕತ್ತಲಾಗುವ ತನಕ ಮುಳುಗಿ ಮುಳುಗಿ ಹುಡುಕಿದರು. ಯಾತ್ರಿಕರು ಎಸೆದ ಚಿಲ್ಲರೆಯನ್ನು ಹಗ್ಗಕ್ಕೆ ಕಟ್ಟಿದ ಅಯಸ್ಕಾಂತ ಬಿಟ್ಟು ಎತ್ತುವವರು ಅವರು. ಕಲ್ಲು ಅಯಸ್ಕಾಂತಕ್ಕೆ ಅಂಟುವುದಿಲ್ಲ. "ಬಿಟಿಯಾ, ಕೆಳಗೆ ಮೊಣಕಾಲುದ್ದ ಕೆಸರು" ಎಂದರು ಹಿಂದಿಯಲ್ಲಿ. "ಗಂಗಾ ಮೈಯಾ ತಗೊಂಡಿದ್ದನ್ನು ವಾಪಸು ಕೊಡೋದಿಲ್ಲ."

ಮುದುಕಿ ರಾತ್ರಿ ಊಟಕ್ಕೆ ಏಳಲಿಲ್ಲ. ಲಿಂಗವಿಲ್ಲದೆ ಉಣ್ಣುವುದಿಲ್ಲವಂತೆ. ನಾಳೆ ಏಳುತ್ತಾಳೆ. ಹಸಿವು ಯಾರನ್ನು ಬಿಟ್ಟಿದೆ?

ನವೆಂಬರ್ 11

ಎದ್ದಿಲ್ಲ. ಕೊಟ್ಟೂರಯ್ಯ ಅಜ್ಜಾರು ಬಂದು ಹೊಸ ಲಿಂಗ ಕೊಡುತ್ತೇನೆ, ಸಂಸ್ಕಾರ ಮಾಡಿ ಕಟ್ಟುತ್ತೇನೆ, ಶಾಸ್ತ್ರದಲ್ಲಿ ಅವಕಾಶವಿದೆ ಎಂದರು. ಮುದುಕಿ ಕೈಮುಗಿದಳು.

"ಅಜ್ಜಾರ, ನಿಮ್ಮ ಶಾಸ್ತ್ರ ಖರೆ. ಆದ್ರ ಅದು ನಮ್ಮವ್ವನ ಬಸಿರಾಗ ಇದ್ದಾಗ ಕಟ್ಟಿದ್ದು. ಎಪ್ಪತ್ತು ವರ್ಷ ನನ್ನ ಎದಿ ಮ್ಯಾಲಿತ್ತು. ಗಂಡ ಇಷ್ಟು ದಿನ ಇರಲಿಲ್ಲ. ಅದನ್ನ ನಾನ ಕಳದೀನಿ. ಕಳದು, ಇನ್ನೊಂದು ಕಟಿಗೊಂಡು, ರೊಟ್ಟಿ ಮುರದು ತಿನ್ನಲೇನು?"

ಅಜ್ಜಾರು ಎದ್ದರು. ಹೊರಗೆ ಬಂದು ಅಪ್ಪನಿಗೆ, "ದೊಡ್ಡ ಜೀವ ಐತಿ ಶಿವಬಸಯ್ಯ. ಇಂಥಾ ನಿಷ್ಠಿ ಈಗ ಎಲ್ಲಿ ಕಾಣಬೇಕು?" ಎಂದರು. ಕಣ್ಣಲ್ಲಿ ನೀರಿತ್ತು. ನನಗೆ ಆ ನೀರು ಕಂಡು ಒದೆಯಬೇಕೆನಿಸಿತು. ಹಸಿದು ಬಿದ್ದವಳನ್ನು ನೋಡಿ ಹೊಗಳುವುದು ಎಂಥ ಧರ್ಮ?

ನೀರು ಮಾತ್ರ ಕುಡಿಯುತ್ತಾಳೆ, ಅದೂ ಗಂಗೆಯದು. ಅದಕ್ಕೆ ಅವಳದೇ ಲೆಕ್ಕ: ಲಿಂಗ ಗಂಗೆಯಲ್ಲಿದೆ, ಆದ್ದರಿಂದ ಗಂಗೆಯೆಲ್ಲ ಈಗ ಅದು ಮಿಂದ ನೀರು, ತೀರ್ಥ. ಆ ಹೊಲಸು ನೀರನ್ನು ಹಾಗೇ ಕೊಡಲು ನನಗೆ ಮನಸ್ಸಾಗಲಿಲ್ಲ, ಕುದಿಸಿದೆ. ಕುದಿಸಿದ್ದೇನೆ ಎಂದು ಹೇಳಿದೆ.

"ಕುದಿಸಿದ್ರೂ ಗಂಗೀನ ಅಲ್ಲೇನ" ಎಂದು ಕುಡಿದಳು.

ನವೆಂಬರ್ 12

ತೋಂಟೇಶನ ಜೊತೆ ಜಗಳವಾಡಿದೆ. ಬಸ್ಸು ಗಯಾಕ್ಕೆ ಹೋಯಿತು, ಇವನು ಉಳಿದ. ಉಳಿದದ್ದಕ್ಕೆ ಒಳ್ಳೆಯವನು ಎಂದುಕೊಂಡಿದ್ದೆ. ಅಂಗಳದಲ್ಲಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಏನ್ ಮಾಡೋದು, ಆಕಿ ಹಟ. ಹೋದ್ರೂ ಕಾಶಿಯಾಗ ಹೋಗ್ತಾಳ, ಪುಣ್ಯಾನ ಅಲ್ಲೇನು."

"ಆಸ್ಪತ್ರಿಗೆ ಸೇರಸ್ರಿ" ಎಂದೆ.

"ಡಾಕ್ಟರು ಬಂದಿದ್ರಲ್ಲ. ಸೂಜಿಯಿಂದ ಹೋದ್ರೂ ಅದು ಊಟಾನ ಅಂತ ಕೈ ಎಳಕೊಂಡ್ಳು. ಕಟ್ಟಿಹಾಕಿ ಸಲಾಯಿನ್ ಏರಸಲೇನು?"

"ಕಟ್ಟಿ ಹಾಕ್ರಿ."

"ನಿಮ್ಮವ್ವಗ ಮಾಡ್ತಿದ್ದೀ ಏನು ಹಂಗ?"

ನನ್ನ ಅವ್ವ ಜ್ವರ ಬಂದ ವಾರದಲ್ಲೇ ಹೋದಳು. ಅವಳು ಮಾತ್ರೆ ಬೇಡ ಎನ್ನಲಿಲ್ಲ, ಯಾವುದಕ್ಕೂ ಬೇಡ ಎನ್ನಲಿಲ್ಲ. ತೋಂಟೇಶ ಕಂಬಕ್ಕೆ ಒರಗಿ ಅತ್ತ. ಮೂಗು ಒರೆಸಿಕೊಂಡು ಮತ್ತೆ ಫೋನು ನೋಡಿದ. ಅವನನ್ನು ಪೂರ್ತಿ ದ್ವೇಷಿಸಲೂ ಆಗುವುದಿಲ್ಲ, ಅದಕ್ಕೂ ಸಿಟ್ಟು.

ಮಧ್ಯಾಹ್ನ ಅಜ್ಜಾರು ನೀರಿನಲ್ಲಿ ಗ್ಲೂಕೋಸು ಕಲಸಿಕೊಡು, ಹೇಳಬೇಡ ಎಂದರು. ಕಲಸಿದೆ. ಲೋಟ ತುಟಿಗೆ ಹಿಡಿದೆ. ಒಂದು ಗುಟುಕು ಕುಡಿದು ಮುದುಕಿ ನನ್ನ ಮುಖ ನೋಡಿದಳು. "ಸಿಹಿ ಅನಸ್ತೇತಿ. ಗಂಗಿ ಇವತ್ತು ಸಿಹಿ ಆಗ್ಯಾಳೇನು?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಒಂದು ಮಾತು. "ಗ್ಲೂಕೋಸು ಐತಿ" ಎಂದೆ. ಅವಳು ಉಗುಳಿದಳು. ನನ್ನ ಕೈಮೇಲೆ ಬಿತ್ತು.

ಬಚ್ಚಲಿಗೆ ಹೋಗಿ ಲೋಟವನ್ನು ಗೋಡೆಗೆ ಎಸೆದೆ. ನನಗೆ ಏನಾಗಿದೆ?

ನವೆಂಬರ್ 13

ಈಗ ಜನ ದರ್ಶನಕ್ಕೆ ಬರುತ್ತಿದ್ದಾರೆ. ಇಲ್ಲೇ ನೆಲೆಸಿದ ಕನ್ನಡದ ಒಬ್ಬ ಬ್ಯಾಂಕಿನವನ ಹೆಂಡತಿ ಮಕ್ಕಳನ್ನು ಕರೆತಂದು ತಾರಾದೇವಿಯ ಕಾಲು ಮುಟ್ಟಿಸಿದಳು. ಮಕ್ಕಳು ಹಿಂದಿಯಲ್ಲಿ, "ಮಮ್ಮಿ, ಈ ಅಜ್ಜಿಗೆ ಏನಾಗಿದೆ?" ಎಂದು ಕೇಳಿದರು. "ತಪಸ್ಸು ಮಾಡ್ತಿದಾರೆ ಬೇಟಾ" ಎಂದಳು. ನಾನು, "ಹಸಿದಿದ್ದಾಳೆ" ಎಂದೆ. ಆ ಹೆಂಗಸು ನನ್ನನ್ನು ತಿನ್ನುವ ಹಾಗೆ ನೋಡಿದಳು. ಬಾಗಿಲು ಹಾಕಿ ಚಿಲಕ ಜಡಿದೆ. ಯಾರು ಬಂದರೂ ತೆಗೆಯಲಿಲ್ಲ.

ಒಳಗೆ ತಾರಾದೇವಿ ನಕ್ಕಳು. "ಚಲೋ ಆತು ಬಿಡು. ಎಲ್ಲಾರೂ ಕಾಲ ಹಿಡೀತಾರ, ಒಬ್ಬರೂ ಒತ್ತವೊಲ್ಲರು."

ಒತ್ತಿದೆ. ಕಾಲು ತಣ್ಣಗಿದ್ದವು, ಸೊರಗಿದ್ದವು.

ನವೆಂಬರ್ 14

ಲಲ್ಲನ್ ಕಾಕಾನ ಜೊತೆ ಮತ್ತೆ ಹೋಗಿದ್ದೆ. ನಾನೂ ಇಳಿದೆ. ಕಣ್ಣು ಬಿಟ್ಟರೆ ಹಸಿರು ಕತ್ತಲೆ. ಕೆಸರಿನಲ್ಲಿ ಕೈಯಾಡಿಸಿದರೆ ದೀಪದ ದೊನ್ನೆ, ಬಳೆ ಚೂರು, ಯಾರದೋ ಹಲ್ಲಿನ ಸೆಟ್ಟು. ಕಾಕಾ ನನ್ನನ್ನು ಜುಟ್ಟು ಹಿಡಿದು ಎತ್ತಿದರು. "ಪಾಗಲ್ ಹೈ ಕ್ಯಾ? ನಿನಗೆ ದೇವರ ಮೇಲೆ ಇಷ್ಟು ಭಕ್ತಿ ಅಂತ ಗೊತ್ತಿರಲಿಲ್ಲ" ಎಂದರು.

ಭಕ್ತಿ ಅಲ್ಲ ಎಂದೆ.

"ಮತ್ತೆ?"

ಕೂದಲು ಹಿಂಡಿಕೊಂಡೆ. ಕಾಕಾ ಚಾ ಕುಡಿಸಿದರು, ಸಮೋಸ ಕೊಡಿಸಿದರು. ಸಮೋಸ ಅಲ್ಲಿದ್ದ ಆಡಿಗೆ ಹಾಕಿದೆ. ಹಸಿವಿರಲಿಲ್ಲ.

ನವೆಂಬರ್ 15

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಅಜ್ಜಾರು, ತೋಂಟೇಶ, ಅಪ್ಪ ಮೂವರೂ ನಮ್ಮ ಕೋಣೆಗೆ ಬಂದರು. ಅಜ್ಜಾರ ಅಂಗೈಯಲ್ಲಿ ಒಂದು ಲಿಂಗ. ಗಲ್ಲಿಯ ಅಂಗಡಿಯಿಂದ ತಂದದ್ದು. ಅಷ್ಟೇ ಗಾತ್ರ, ಮೇಲಿನ ಕಪ್ಪು ಲೇಪವನ್ನು ಉಜ್ಜಿ ಉಜ್ಜಿ ಹಳೆಯದರಂತೆ ಮಾಡಿದ್ದರು, ಒಂದು ಕಡೆ ಕೆಸರೂ ಮೆತ್ತಿದ್ದರು. ಲಲ್ಲನ್‌ಗೆ ಸಿಕ್ಕಿತು ಎಂದು ಹೇಳುವುದು.

"ಹೇಳ್ರಿ, ನನ್ನನ್ಯಾಕ ಕೇಳ್ತೀರಿ?" ಎಂದೆ.

ಅಪ್ಪ ನೆಲ ನೋಡಿದ. ತೋಂಟೇಶ ಹೇಳಿದ: "ನಿನ್ನೆ ಸಂಜಿಕ ಹೇಳೀವಿ. ಸಿಕ್ಕೇತಿ ಅಂದ್ವಿ. ಅವ್ವ ಏನಂದ್ಳು ಗೊತ್ತೈತೇನು? ಅಕ್ಷರಾ ಬಂದು ಹೇಳಲಿ. ಆಕಿ ಹೇಳಿದ್ರ ನಂಬತೀನಿ."

"ಶಿವಬಸಯ್ಯ, ನಿನ್ನ ಮಗಳಿಗೆ ತಿಳಿಸಿ ಹೇಳು" ಎಂದರು ಅಜ್ಜಾರು. "ಜೀವ ಉಳಿಸೋ ಸುಳ್ಳು ಪಾಪ ಅಲ್ಲ. ಅದನ್ನ ಶಿವನ ಕ್ಷಮಿಸ್ತಾನ."

"ಅಜ್ಜಾರ, ಅಂಜಿಕಿ ಇದ್ದವರು ಸುಳ್ಳು ಹೇಳಂಗಿಲ್ಲ ಅಂದಿದ್ರಿ."

"ಎದುರಾಡಬ್ಯಾಡ ಹುಡುಗಿ."

"ನಿಮಗ ಕ್ಷಮಿಸಾಕ ಒಬ್ಬಾಂವ ಅದಾನ. ನನಗ ಯಾರದಾರ?"

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಹೇಳಲು ಡಬ್ಬಿ ತೆರೆದು ತೋರಿಸಬೇಕಿತ್ತು. ತೋರಿಸಲಿಲ್ಲ. ಅಪ್ಪ ನನ್ನ ಕೈಗೆ ಆ ಲಿಂಗ ಇಟ್ಟ. "ಒಂದ ಮಾತವಾ. ಬಸ್, ಒಂದ ಮಾತು" ಎಂದ. ಅಪ್ಪ ನನ್ನನ್ನು ಬೇಡಿಕೊಂಡದ್ದು ನನಗೆ ನೆನಪಿಲ್ಲ, ಇವತ್ತಿನವರೆಗೆ.

ಹೋದೆ. ಹೇಳಬೇಕೆಂದೇ ಹೋದೆ. ಅವಳು ಗೋಡೆಗೆ ಒರಗಿದ್ದಳು, ಕಣ್ಣು ಗುಳಿಬಿದ್ದಿದ್ದವು, ತುಟಿ ಒಡೆದು ಬಿಳಿಯಾಗಿತ್ತು. ಹಿಂದೆ ಮೂವರೂ ನಿಂತಿದ್ದರು.

"ಸಿಕ್ಕತೇನ ತಂಗಿ?"

ನನ್ನ ಮುಖವನ್ನೇ ನೋಡುತ್ತಿದ್ದಳು. ರೆಪ್ಪೆ ಬಡಿಯಲಿಲ್ಲ. ನನ್ನ ಬಾಯಿ ತೆರೆಯಿತು. ಬಂದದ್ದು ಬೇರೆ ಮಾತು.

"ಇಲ್ರಿ. ಇದು ಅಂಗಡೀದು."

ತೋಂಟೇಶ ನನ್ನ ರಟ್ಟೆ ಹಿಡಿದು ಹೊರಗೆ ಎಳೆದು ಬಿಸಾಡಿದ. "ಕೊಂದಿ. ನಮ್ಮವ್ವನ್ನ ಕೊಂದಿ" ಎಂದ. ಅಜ್ಜಾರು ಶಲ್ಯ ಕೊಡವಿಕೊಂಡು ಹೋದರು. ಅಪ್ಪ ಮಾತ್ರ ಅಲ್ಲೇ ನಿಂತಿದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ನವೆಂಬರ್ 16

ಡಾಕ್ಟರು ಮೂತ್ರ ಕಡಿಮೆಯಾಗಿದೆ, ಇನ್ನು ಕೈಮೀರುತ್ತದೆ ಎಂದು ಹೇಳಿ ಹೋದರು.

ಯಾರಿಗೆ ಬರೆಯುತ್ತಿದ್ದೇನೆ? ಈ ಕಾಗದಕ್ಕೆ ಕಣ್ಣಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಯಾರನ್ನಾದರೂ ಕಚ್ಚುತ್ತೇನೆ.

ದೇವರಿಲ್ಲ. ಇದ್ದಿದ್ದರೆ ಒಂದು ಹಿಡಿ ಕಲ್ಲನ್ನು ಕೆಸರಿನಿಂದ ಎತ್ತಿ ಕೊಡುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ? ಈ ಊರಲ್ಲಿ ಹೆಜ್ಜೆಗೊಂದು ಗುಡಿ, ಒಂದು ಗುಡಿಯವನಿಗೂ ಪುರುಸೊತ್ತಿಲ್ಲ. ಸರಿ, ಇಲ್ಲ. ಇಲ್ಲದಿದ್ದ ಮೇಲೆ ನನ್ನನ್ನು ತಡೆದವರು ಯಾರು? ಸುಳ್ಳು ಹೇಳಿದ್ದರೆ ಯಾವ ನರಕವೂ ಇರಲಿಲ್ಲ. ಯಾರೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಅವಳು ಈ ಹೊತ್ತಿಗೆ ಅನ್ನ-ಸಾರು ಉಂಡು ಮಲಗಿರುತ್ತಿದ್ದಳು. ಅಜ್ಜಾರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಯಾಕೆ ಹೇಳಬಾರದು?

ಪರೀಕ್ಷೆಯ ದಿನ ಗೊತ್ತಿತ್ತು, ಸರಿ ಮಾಡುತ್ತಿದ್ದೇನೆ ಎಂದು ಬೆನ್ನು ನೆಟ್ಟಗಿತ್ತು. ನಿನ್ನೆ ಹಾಗಿರಲಿಲ್ಲ. ನಿನ್ನೆ ನಾನು ಯಾವ ಸತ್ಯವನ್ನೂ ಕಾಪಾಡಲಿಲ್ಲ. ಸತ್ಯದ ಬಗ್ಗೆ ನೆನಪೇ ಇರಲಿಲ್ಲ. ಅವಳು ನೋಡುತ್ತಿದ್ದಳು, ಅಷ್ಟೇ. ದೇವರಲ್ಲ, ಅವಳು. ಎಲ್ಲರನ್ನೂ ಬಿಟ್ಟು ನನ್ನ ಮಾತನ್ನು ನಂಬುತ್ತೇನೆ ಎಂದಿದ್ದಳು. ಆ ಕಣ್ಣಿಗೆ ಅಂಗಡಿಯ ಕಲ್ಲನ್ನು ಹೇಗೆ ಇಡಲಿ?

ಆದರೆ ಅದೇ ಕಣ್ಣು ನಾಳೆಯೋ ನಾಡಿದ್ದೋ ಮುಚ್ಚುತ್ತದೆ. ನನ್ನ ಸತ್ಯವನ್ನು ಆಮೇಲೆ ಯಾವ ನಾಯಿಗೆ ಹಾಕಲಿ?

ಇನ್ನೊಂದು ವಿಷಯ. ಸತ್ಯ ಎನ್ನುತ್ತೇನೆ, ಅವಳ ಮುಂದೆ ದಿನಾ ಈ ಡಬ್ಬಿ ಹಾಕಿಕೊಂಡೇ ಕೂತಿದ್ದೇನೆ. ಅವಳು ನಂಬಿದ ಹುಡುಗಿಗೆ ಲಿಂಗವಿದೆ. ಆ ಹುಡುಗಿ ಇಲ್ಲ.

ಹೊಲಿಗೆ ಡಬ್ಬಿ ತೆಗೆದೆ. ಮತ್ತೆ ಮುಚ್ಚಿದೆ.

ನವೆಂಬರ್ 17

ಹೇಳಿದೆ.

ಬೆಳಕು ಹರಿದ ಮೇಲೆ ಹೋದೆ. ತೋಂಟೇಶ ಮೂಲೆಯಲ್ಲಿ ಕೂತಲ್ಲೇ ನಿದ್ದೆಹೋಗಿದ್ದ. ತಾರಾದೇವಿಗೆ ಎಚ್ಚರವಿತ್ತು. ನನ್ನ ಕರಡಿಗೆಯನ್ನು ಅವಳ ಮುಂದೆ ತೆರೆದು ತೋರಿಸಿದೆ. ಒಳಗೆ ಕೈಬೆರಳು ಆಡಿಸಿ ನೋಡಿದಳು, ಕಣ್ಣು ಮಂಜಾಗಿತ್ತೇನೋ.

"ನಿಂದೂ ಹೋತೇನ?"

"ಹೋಗಿಲ್ರಿ. ನಾನ ತಗದಿಟ್ಟೀನಿ. ಎರಡು ವರ್ಷಾತು. ನನಗ ದೇವರ ಮ್ಯಾಲೆ ನಂಬಿಕಿ ಇಲ್ಲ." ಸೆರಗಿನ ಗಂಟು ಬಿಚ್ಚುವ ಹಾಗೆ ದುಪಟ್ಟದ ತುದಿ ಬಿಚ್ಚಿ ಲಿಂಗ ತೆಗೆದು ಅವಳ ಹಾಸಿಗೆಯ ಮೇಲಿಟ್ಟೆ. "ಇದು ನಿಮ್ಮದಲ್ಲ. ಗಂಗಿಯಾಗ ಸಿಕ್ಕಿದ್ದೂ ಅಲ್ಲ. ಗುಂಡಿ ಡಬ್ಬಿಯಾಗ ಇತ್ತು. ಇದರಾಗ ಏನೂ ಇಲ್ಲ ಅಂತ ನನ್ನ ಅನಿಸಿಕಿ. ಆದ್ರ ನಿಮಗ ಬೇಕಾಗಿದ್ರ ತಗೋರಿ. ತಗೊಂಡು ಉಣ್ರಿ. ಸಾಕು."

ಕೈ ಎತ್ತಿದಳು. ಕಪಾಳಕ್ಕೆ ಎಂದು ಗೊತ್ತಾಯಿತು, ಮುಖ ತಪ್ಪಿಸಲಿಲ್ಲ. ಕೈ ಅಷ್ಟು ದೂರ ಬರಲಿಲ್ಲ, ಅರ್ಧಕ್ಕೇ ಬಿತ್ತು.

"ಗುಂಡಿ ಡಬ್ಬಿಯಾಗ" ಎಂದಳು.

"ಹೂಂರಿ."

"ಪೂಜಿ ಇಲ್ಲ, ನೀರಿಲ್ಲ?"

"ಇಲ್ಲ."

"ಎರಡು ವರ್ಷ ಉಪಾಸ ಕೆಡವಿ ಕುಂತೀಯಲ್ಲ ಇದನ್ನ, ಪಾಪಿ." ಲಿಂಗವನ್ನು ಎತ್ತಿ ಸೆರಗಿನಿಂದ ಒರೆಸತೊಡಗಿದಳು. ಸಂದಿನಲ್ಲಿ ಒಂದು ಎಳೆ ಕೆಂಪು ದಾರ ಅಂಟಿತ್ತು, ಅದನ್ನು ಉಗುರಿನಿಂದ ಕಿತ್ತು ನನ್ನ ಕಡೆ ಎಸೆದಳು. "ನಂದು ಗಂಗಿಯಾಗರ ಐತಿ. ಇದರ ಹಣೆಬರ ನೋಡು. ನನಗಿಂತ ಮದ್ಲ ಇದು ಉಪಾಸ ಬಿದ್ದೇತಿ."

ಕಲ್ಲಿಗೆ ಹಸಿವೆಲ್ಲಿಯದು ಎಂದೆ. ಬಾಯಿ ಮುಚ್ಚು ಎಂದಳು. ಕೂರಿಸು ಎಂದಳು. ಕೂರಿಸಿದೆ. ನೀರು, ವಿಭೂತಿ ಕೇಳಿದಳು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರು ಎರೆದಳು. ಕೆಳಗೆ ನನ್ನ ಕೈ ಹಿಡಿದೆ, ಬೀಳಬಾರದೆಂದು. ತುಂಬಾ ಹೊತ್ತು ನೋಡಿದಳು ಅದನ್ನು. ಏನು ಕಂಡಳೋ ನನಗೆ ಗೊತ್ತಿಲ್ಲ. ನನಗೆ ಕಂಡದ್ದು ಅವಳ ಮುಖ.

ಆಮೇಲೆ ಹೇಳಿದಳು, ದೊಡ್ಡ ತೊಂದರೆಗೆ ಸಿಕ್ಕವಳ ಹಾಗೆ: "ಇದಕ್ಕ ನೈವೇದ್ಯ ಆಗಬೇಕು. ನೈವೇದ್ಯ ಮಾಡಿದ್ದನ್ನ ಚೆಲ್ಲಾಕ ಬರಂಗಿಲ್ಲ. ಇದಕ್ಕ ಉಣಸಬೇಕಂದ್ರ ನಾ ಉಣಬೇಕಾಗೇತಿ."

ಬಾಗಿಲಲ್ಲಿ ಅಪ್ಪ ನಿಂತಿದ್ದ. ದಿನಾ ತರುವ ಹಾಗೆ ಬಾಳೆಹಣ್ಣು ಕಿವುಚಿದ ಹಾಲಿನ ಬಟ್ಟಲು ಅವನ ಕೈಯಲ್ಲಿತ್ತು, ದಿನಾ ವಾಪಸು ಹೋಗುತ್ತಿದ್ದ ಬಟ್ಟಲು. ಎಲ್ಲ ಕೇಳಿಸಿಕೊಂಡಿದ್ದ. ನನ್ನ ಕಡೆ ನೋಡದೆ ಬಂದು ಬಟ್ಟಲು ಇಟ್ಟ. ನಾನು ಚಮಚ ಎತ್ತಿಕೊಂಡೆ.

"ನೀ ಮುಟ್ಟಬ್ಯಾಡ" ಎಂದಳು ತಾರಾದೇವಿ. "ನಿನ್ನ ಕೊಳ್ಳಾಗ ಲಿಂಗ ಇಲ್ಲ. ಅಯ್ಯನೋರು ಉಣಸ್ತಾರ."

ಅಪ್ಪ ಉಣಿಸಿದ. ಎರಡು ಚಮಚ, ಆಮೇಲೆ ಇನ್ನೂ ಎರಡು. ತೋಂಟೇಶ ಎಚ್ಚರಗೊಂಡು ನೋಡಿದವನು ಹಾಗೇ ಕೂತಲ್ಲಿ ಕೂತ, ಫೋನು ಎದೆಗೆ ಒತ್ತಿಕೊಂಡು.

"ನೀ ಉಂಡೀಯೇನು?" ಎಂದು ಅವಳು ನನ್ನನ್ನು ಕೇಳಿದಳು.

"ಇಲ್ಲ."

"ಯಾವಾಗಿಂದ?"

ನೆನಪಾಗಲಿಲ್ಲ. ಓಡಾಟದಲ್ಲಿ ಬಿಟ್ಟುಹೋಗಿರಬೇಕು.

ಉಳಿದ ಹಾಲನ್ನು ನನ್ನ ಕಡೆ ತಳ್ಳಿಸಿದಳು. ಪ್ರಸಾದ ಎಂದು ತಿನ್ನುವುದಿಲ್ಲ ಎಂದೆ. "ಹಾಲು ಅಂತ ತಿನ್ನು" ಎಂದಳು.

ನವೆಂಬರ್ 19

ಅಜ್ಜಾರಿಗೆ ತೋಂಟೇಶ ಹೇಳಿದನೋ, ಗೋಡೆ ಹೇಳಿತೋ. ಕರೆಸಿದರು. ಎರಡು ವರ್ಷ ಮಠದ ಅಡುಗೆಮನೆ ಮುಟ್ಟಿದ್ದೀಯಾ, ಪೂಜೆಗೆ ಹೂ ಕಟ್ಟಿದ್ದೀಯಾ ಎಂದು ಒಂದೊಂದಾಗಿ ಕೇಳಿದರು. ಹೌದು ಎಂದೆ. "ಮಠಕ್ಕ ಮೋಸ ಮಾಡಿದಿ." ಅದಕ್ಕೂ ಹೌದು ಎಂದೆ, ಅದು ನಿಜ. ಕೆಸರು ಮೆತ್ತಿದ ಲಿಂಗದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಬ್ಬರಿಗೂ ನೆನಪಿತ್ತು.

ಸೋಮವಾರ ಮತ್ತೆ ದೀಕ್ಷೆ ತೆಗೆದುಕೊಂಡರೆ ಎಲ್ಲ ಮರೆಯುತ್ತಾರಂತೆ. ಇಲ್ಲದಿದ್ದರೆ ನಾನು ಮಠದೊಳಗೆ ಇರುವ ಹಾಗಿಲ್ಲ. ಅಪ್ಪ ಇರಬಹುದು.

ಮನೆಗೆ ಬಂದು ಅಪ್ಪ ಹೇಳಿದ: "ಕಟಿಗೊಂಡುಬಿಡು. ಮನಸಿನ್ಯಾಗ ಏನರ ಇರಲಿ. ಒಳಗ ಯಾರು ಇಣಿಕಿ ನೋಡ್ತಾರ?"

"ನಾನ ನೋಡ್ತೀನಪ್ಪ."

"ನಿಮ್ಮವ್ವ ಕಟ್ಟಿಸಿದ್ದದು." ಅವ್ವನ ಫೋಟೋ ಕಡೆ ಕೈ ಮಾಡಿದ. "ಅದನ್ನ ಗುಂಡಿ ಡಬ್ಬಿಯಾಗ ಇಟ್ಟಿ."

"ಅದು ಅವ್ವನ ಡಬ್ಬೀನ."

ಏನೋ ಎಸೆಯಲು ಎಂಬಂತೆ ಸುತ್ತ ನೋಡಿದ. ಏನೂ ಸಿಗದೆ ತನ್ನ ಟೊಪ್ಪಿಗೆ ತೆಗೆದು ನೆಲಕ್ಕೆ ಹೊಡೆದ. ನಾನೂ ಕೂಗಿದೆ. ಅವನೂ ಕೂಗಿದ. ಎಷ್ಟು ವರ್ಷಗಳ ಮೇಲೆ ಈ ಮನೆಯಲ್ಲಿ ಎರಡು ದನಿ ಕೇಳಿಸಿತೋ. ಆಮೇಲೆ ಟೊಪ್ಪಿಗೆ ಎತ್ತಿ ಧೂಳು ಕೊಡವಿ ಕೊಟ್ಟೆ. ಹಾಕಿಕೊಂಡ.

ನವೆಂಬರ್ 22

ತಾರಾದೇವಿಯನ್ನು ನಾನೀಗ ಆಯಿ ಎನ್ನುತ್ತೇನೆ. ಆಯಿ ಗಂಜಿ ಕುಡಿಯುತ್ತಾಳೆ. ಕಾಲಿಗೆ ಬಲವಿಲ್ಲ, ಎತ್ತಿ ಕೂರಿಸಬೇಕು, ಬಚ್ಚಲಿಗೆ ಹಿಡಿದುಕೊಂಡು ಹೋಗಬೇಕು. ತೋಂಟೇಶನಿಗೆ ರಜೆ ಮುಗಿದಿದೆ, ತಾಯಿಯನ್ನು ಬಚ್ಚಲಿಗೆ ಕರೆದೊಯ್ಯಲು ಅವನಿಗೆ ಸಂಕೋಚ. ಇವತ್ತು ಬಾಗಿಲಲ್ಲಿ ನಿಂತು ಕಾಲು ಬದಲಿಸುತ್ತ, "ಊರ ತನಕ ಬರ್ತೀ ಏನು? ಅವ್ವ ನಿನ್ನನ್ನ ಕೇಳಾಕತ್ತಾಳ" ಎಂದ. ಕೊಂದಿ ಎಂದ ಬಾಯಿ. ಆ ಮಾತಿಗೆ ಕ್ಷಮೆ ಕೇಳಲಿಲ್ಲ, ನಾನೂ ಎದುರು ನೋಡಲಿಲ್ಲ.

ಆಯಿಯ ಶರತ್ತುಗಳು ಬೇರೆ. "ನನ್ನ ಊಟ ಮುಟ್ಟಬ್ಯಾಡ. ನೀರಿನ ಬಾಟ್ಲಿ ಮುಟ್ಟಬ್ಯಾಡ. ಉಳಿದಿದ್ದೆಲ್ಲ ನಿನ್ನ ಕೆಲಸ."

"ಸಂಡಾಸು ನನ್ನದು, ಸಾರು ಮಗಂದು?"

"ಹೂಂ ಮತ್ತ. ದೇವರಿಲ್ಲ ಅನ್ನಾಕಿಗೆ ಮಡಿ ಯಾಕ ಬೇಕು?"

"ನಿಮ್ಮ ಧರ್ಮ ಚಲೋ ಐತ್ರಿ."

"ಚಲೋನ ಐತಿ. ನಿನ್ನದೂ ಕೆಟ್ಟಿಲ್ಲ ಬಿಡು." ಎದೆಯ ಮೇಲಿನ ತನ್ನ ಕರಡಿಗೆಯನ್ನು ತಟ್ಟಿದಳು. ಅದರೊಳಗೆ ಈಗ ನನ್ನದಾಗಿದ್ದದ್ದು ಇದೆ. "ಇದು ನಿಂದಲ್ಲ ಅಂದಿ. ನಂದೂ ಅಲ್ಲ. ಸಾಕಿಗೊಂಡೀನಿ. ಬೇಕಾದಾಗ ಕೇಳು."

"ಕೇಳಂಗಿಲ್ಲ."

"ಕೇಳಬ್ಯಾಡ. ನಿನ್ನ ಯಾರು ಕೇಳಾಕ ಬಾ ಅಂದಾರ?"

ಈ ಮುದುಕಿಯ ಮೇಲೆ ನನಗೆ ಇನ್ನೂ ಸಿಟ್ಟಿದೆ. ಒಂದು ಕಲ್ಲಿಗಾಗಿ ಸಾಯಲು ಹೊರಟಿದ್ದಳು, ಇನ್ನೊಂದು ಕಲ್ಲಿಗಾಗಿ ಬದುಕಿದಳು. ಹಸಿದಿದ್ದ ನನಗಾಗಿ ಬದುಕಲಿಲ್ಲ, ಕಾಲು ಒತ್ತಿದ್ದಕ್ಕಾಗಿ ಬದುಕಲಿಲ್ಲ. ಹೀಗೆಂದು ಅವಳಿಗೇ ಹೇಳಿದೆ. "ಹಂಗಂತ ನಿನಗ ಯಾರು ಹೇಳಿದ್ರು?" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ನವೆಂಬರ್ 24

ಅಪ್ಪನಿಗೆ ಹೇಳಿದೆ. ಆಯಿಯನ್ನು ಊರಿಗೆ ಮುಟ್ಟಿಸುತ್ತೇನೆ, ಅವಳು ನಡೆಯುವ ತನಕ ಇರುತ್ತೇನೆ, ಆಮೇಲೆ ಅಲ್ಲೇ ಎಲ್ಲಾದರೂ ಕೆಲಸ ನೋಡುತ್ತೇನೆ, ಪರೀಕ್ಷೆಗೆ ಕೂರುತ್ತೇನೆ. ಮಠಕ್ಕೆ ವಾಪಸು ಬರುವುದಿಲ್ಲ. ಅವನು ನೋಡಿರದ ಮಗಳನ್ನು ನೋಡುವವನಂತೆ ನೋಡಿದ. "ಅಲ್ಲಿ ಥಂಡಿ ಇಲ್ಲ. ಶಾಲು ಒಂದ ಸಾಕು" ಎಂದ. ಅವನದೂ ಆ ಕಡೆಯ ಊರೇ, ಬಿಟ್ಟು ಇಷ್ಟು ವರ್ಷವಾದರೂ ಅಲ್ಲಿನ ಹವೆ ಅವನಿಗೆ ನೆನಪಿದೆ.

ಸಂಜೆ ಅಜ್ಜಾರು ಎದುರಾದರು. ದಾರಿ ಬಿಟ್ಟು ನಿಂತೆ. ಅವರೂ ನಿಂತರು. "ಆ ಅಜ್ಜಿನ್ನ ಜೋಪಾನ ಕರಕೊಂಡು ಹೋಗು" ಎಂದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಿತ್ತು.

ಖಾಲಿ ಕರಡಿಗೆಯನ್ನು ಬಿಚ್ಚಿ ಅವ್ವನ ಫೋಟೋದ ಮೊಳೆಗೆ ತೂಗುಹಾಕಿದೆ. ಶಿವದಾರ ಉಜ್ಜಿದ ಕಡೆ ಕತ್ತಿನ ಮೇಲೆ ಒಂದು ಬಿಳಿ ಗೆರೆ ಉಳಿದಿದೆ. ಕೈ ಅಲ್ಲಿಗೇ ಹೋಗುತ್ತದೆ. ಅಪ್ಪ ನೋಡಿದ, ಒಳಗೆ ಹೋದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬರುತ್ತಿದೆ. ಎರಡು ಗಂಟು ಕಟ್ಟುತ್ತಿದ್ದಾನೆ. ಒಂದು ಆಯಿಗೆ, ಅದನ್ನು ನಾನು ಮುಟ್ಟಬಾರದು. ಒಂದು ನನಗೆ.

ಬಟ್ಟೆ ಚೀಲಕ್ಕೆ ತುಂಬಿದ್ದಾಯಿತು. ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ.